ಎರಡು ಡಬ್ಬಿ ಇಡಿ, ಆಮೇಲೆ ಕ್ಲಾಸಿನ ಮಾತು

ಪ್ರಶ್ನೆ: ಮೇಷ್ಟ್ರೇ, ನಮ್ಮದು ಎರಡು ಎಕರೆ ರೋಬಸ್ಟಾ ಕಾಫಿ ತೋಟ. ಮಗ ಮೂರನೇ ಕ್ಲಾಸು. ಬುದ್ಧಿ ಚುರುಕಾಗಲು ಅಬ್ಯಾಕಸ್ ಕ್ಲಾಸಿಗೆ ಸೇರಿಸಿ ಎನ್ನುತ್ತಾಳೆ ನಾದಿನಿ. ಫೀಸು ಜಾಸ್ತಿ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎನ್ನುತ್ತಾರೆ ಸ್ಕೂಲಿನವರು, ನಮಗೆ ಬರಲ್ಲ. ಇವನೋ, "ಪಕ್ಕದ ತೋಟದಲ್ಲಿ ಹೂ ಬಂತು, ನಮ್ಮಲ್ಲಿ ಯಾಕಿಲ್ಲ?" ಅಂತ ದಿನವಿಡೀ ತಲೆ ತಿನ್ನುತ್ತಾನೆ. ಅವರಪ್ಪ ಗದರುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ನೋಡಿ ತಾಯಿ, ಹೂ ಯಾಕಿಲ್ಲ ಅಂತ ಕೇಳುವ ಹುಡುಗನ ಬುದ್ಧಿಗೆ ಏನೂ ಆಗಿಲ್ಲ. ಗದರಬೇಡಿ, ಅಷ್ಟೇ. ಉತ್ತರವನ್ನೂ ತಕ್ಷಣ ಹೇಳಿಬಿಡಬೇಡಿ. "ನಿಂಗೇನನ್ನಿಸುತ್ತೆ?" ಅಂತ ಮೊದಲು ಕೇಳಿ. ಪಕ್ಕದವರು ಹೂ ಬರಲಿ ಅಂತ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕಿದ್ದರೇನೋ, ಅವನೇ ಹೋಗಿ ವಿಚಾರಿಸಿಕೊಂಡು ಬರಲಿ.

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟ್ಸ್‌ನಲ್ಲಿ ಹೇಳುತ್ತೇವಲ್ವಾ? ಒಂದು ಇಂಚಿಗೆ 100 ಸೆಂಟ್ಸ್. ಆ ಅಳತೆಯ ಕೆಲಸವನ್ನು ಅವನಿಗೇ ಒಪ್ಪಿಸಿ. ತಳ ಸಮವಾಗಿದ್ದು ಗೋಡೆ ನೆಟ್ಟಗಿರುವ ಎರಡು ಡಬ್ಬಿ ಸಾಕು. ಒಂದು ಅಗಲ, ಒಂದು ಕಿರಿದು. ಮರ, ಸೂರು ಯಾವುದೂ ಮೇಲಿಲ್ಲದ ಕಡೆ ಇಡಿಸಿ. ಯಾವುದರಲ್ಲಿ ನೀರಿನ ಎತ್ತರ ಜಾಸ್ತಿ ಬರುತ್ತೆ ಅಂತ ರಾತ್ರಿಯೇ ಕೇಳಿಟ್ಟುಕೊಳ್ಳಿ. "ಅಗಲದ್ದರಲ್ಲಿ" ಅಂತಾನೆ, ನೋಡುತ್ತಿರಿ. ಬೆಳಿಗ್ಗೆ ಸ್ಕೇಲು ಇಳಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ! ಈಗ ನೀವು ಬಾಯಿ ಬಿಡಬಾರದು. ಇದು ಭಾರೀ ಕಷ್ಟ, ನನಗೆ ಗೊತ್ತು. ಅಗಲ ಡಬ್ಬಿಗೆ ನೀರು ಜಾಸ್ತಿ ಬಿದ್ದಿದೆ, ಆದರೆ ಹರಡಿಕೊಳ್ಳಲು ಜಾಗವೂ ಅಷ್ಟೇ ಜಾಸ್ತಿ ಇದೆ ಅನ್ನುವುದನ್ನು ಅವನೇ ಹೇಳಲಿ. ನಾಲ್ಕು ಮಳೆ ಕಳೆದ ಮೇಲೆ ಹೇಳಿದರೂ ನಷ್ಟವಿಲ್ಲ.

ಸ್ಕೇಲಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್. ಒಂದು ಇಂಚಿಗೆ 25.4 ಮಿಲಿಮೀಟರ್ ಅನ್ನುವುದು ಉರು ಹೊಡೆಯದೆ ಬರುತ್ತದೆ. ಅಳತೆಯನ್ನು ಕ್ಯಾಲೆಂಡರಿನ ಮನೆಯಲ್ಲಿ ಬರೆಯಲಿ. ಹೂ ಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬಿದ್ದ ದಿನ, ಹೂ ಯಾವತ್ತು ಅರಳುತ್ತೆ ಅಂತ ಅವನು, ಅವರಪ್ಪ ಇಬ್ಬರೂ ಊಹೆ ಬರೆಯಲಿ. ಎಂಟು-ಹತ್ತು ದಿನದಲ್ಲಿ ಗೊತ್ತಾಗುತ್ತದೆ. ಅಪ್ಪ ಸೋತರೆ ಇನ್ನೂ ಒಳ್ಳೆಯದು.

ಅಬ್ಯಾಕಸ್ ಕೆಟ್ಟದ್ದಲ್ಲ. ಕೂಡುವುದು, ಕಳೆಯುವುದು ಬೇಗ ಬರುತ್ತದೆ. ಯಾವುದನ್ನು ಯಾಕೆ ಕೂಡಬೇಕು ಅನ್ನುವುದನ್ನು ಬೇರೆ ಕಡೆಯೇ ಕಲಿಯಬೇಕು. ಸಾಲ ಮಾಡಿ ಸೇರಿಸುವಂಥದ್ದೇನಲ್ಲ.

ಇಂಗ್ಲಿಷಿನ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಾರದ ಭಾಷೆಯಲ್ಲಿ "ಕಮ್, ಸಿಟ್, ಈಟ್" ಬಿಟ್ಟು ಮಗುವಿಗೆ ಇನ್ನೇನು ಹೇಳುತ್ತೀರಿ? ಈ ಸಲ ಒಣಗಿಸಿದ ಕಾಫಿ ಚೆರಿ ಯಾಕೆ ಮಾರದೆ ಇಟ್ಟುಕೊಂಡಿರಿ, ರೇಟು ಇಳಿದರೆ ಏನು ಗತಿ, ಇಂಥ ಮಾತನ್ನು ನಿಮ್ಮ ಕನ್ನಡದಲ್ಲೇ ಅವನೆದುರು ಆಡಿ. ನಡುವೆ ಬಾಯಿ ಹಾಕಿದರೆ ಹಾಕಲಿ. ಇಂಗ್ಲಿಷನ್ನು ಸ್ಕೂಲಿನವರು ಕಲಿಸಲಿ, ಫೀಸು ತಗೊಂಡಿದ್ದಾರಲ್ಲ.

ಮೊಬೈಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಮೊಬೈಲ್ ನಿಮ್ಮ ಕೋಣೆಯಲ್ಲೇ ಇರಲಿ.