ಅಪ್ಪನ ಹಳೇ ಸ್ಮಾರ್ಟ್‌ಫೋನ್ ಮನೆಯ ಹೊಸ ವೈಫೈಗೆ ಕನೆಕ್ಟ್ ಆಗ್ತಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡ್ಲಾ, ಹೊಸ ಫೋನ್ ಕೊಡಿಸ್ಲಾ?

ಎರಡೂ ಬೇಡ. ರೀಸೆಟ್ ಅಂತೂ ಬೇಡವೇ ಬೇಡ. ಇದನ್ನು ಓದಿ ಮುಗಿಸುವ ತನಕ ಅಪ್ಪನ ಫೋನಿಗೆ ಏನೂ ಮಾಡಬೇಡಿ.

ವೈಫೈ ಹೆಸರು ಕಾಣಿಸುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತೀರಿ, ಸೇವ್ ಆಗಿದೆ ಅಂತ ಬರುತ್ತದೆ, ಆದರೆ ಕನೆಕ್ಟ್ ಆಗುವುದಿಲ್ಲ. ಮನೆಯ ಬೇರೆ ಫೋನುಗಳೆಲ್ಲ ಸರಿ ಇವೆ. ಅಂಗಡಿಯವರು "ರೀಸೆಟ್ ಹೊಡೀರಿ" ಅಂದಿದ್ದಾರೆ. ಅಲ್ವಾ? ನನ್ನ ಅಮ್ಮನ ಫೋನಿಗೂ ಇದೇ ಆಗಿತ್ತು, ಒಂದಕ್ಷರ ಆಚೀಚೆ ಇಲ್ಲ.

ನಮ್ಮ ಮನೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಸುತ್ತ ಗುಡ್ಡ, ಕೆಳಗೆ ಅಡಿಕೆ ತೋಟ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮಾತಾಡಬೇಕು ಅಂದ್ರೆ ಅಂಗಳ ದಾಟಿ ದರೆ ಹತ್ತಬೇಕು. ಮಳೆಗಾಲದಲ್ಲಿ ಅದೂ ಆಗದ ಮಾತು. ಹಾಗಾಗಿ ಊರಿಗೆ ಫೈಬರ್ ಬಂದಾಗ ಅಮ್ಮನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಖುಷಿಯಾಗಿತ್ತು. ಮನೆಯೊಳಗೇ ಕೂತು ವಾಟ್ಸಾಪ್ ಕಾಲ್ ಮಾಡಬಹುದಲ್ಲ.

ಕೇಬಲಿನವರು ಕೊಟ್ಟ ಡಬ್ಬಿಯ ವೈಫೈ ಅಡುಗೆಮನೆ ತನಕ ಬರುತ್ತಿರಲಿಲ್ಲ. ಮಣ್ಣಿನ ದಪ್ಪ ಗೋಡೆ. ಅದಕ್ಕೆ ನಾನು ಬೆಂಗಳೂರಿನಿಂದ ಒಂದು ಹೊಸ ವೈಫೈ 6 ರೂಟರ್ ಒಯ್ದೆ. ನಾನೇ ಸೆಟ್ ಮಾಡಿದೆ. ಸೆಕ್ಯುರಿಟಿ ಅಂತ ಇರುವ ಕಡೆ, ಅಂದರೆ ವೈಫೈಗೆ ಯಾವ ಬಗೆಯ ಬೀಗ ಅಂತ ಕೇಳುವ ಕಡೆ, ಡಬ್ಲ್ಯೂಪಿಎ3 ಆರಿಸಿದೆ, ಅದೇ ಹೊಸದು, ಅದೇ ಗಟ್ಟಿ ಅಂತ. ನನ್ನ ಫೋನು, ತಂಗಿಯ ಫೋನು, ಲ್ಯಾಪ್‌ಟಾಪು ಎಲ್ಲ ತಕ್ಷಣ ಕನೆಕ್ಟ್ ಆದವು. ಅಮ್ಮನದ್ದು ಮಾತ್ರ ಆಗಲಿಲ್ಲ. ಅದು 2016ರಲ್ಲಿ ತೆಗೆದುಕೊಂಡ ಫೋನು, ಆಂಡ್ರಾಯ್ಡ್ 6.

ಆಗ ನಾನು ಯೋಚಿಸಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ನೀವೂ ಈಗ ಹಾಗೇ ಯೋಚಿಸುತ್ತಿದ್ದೀರಿ, ನಿಮ್ಮ ಅಂಗಡಿಯವರೂ ಹಾಗೇ ಯೋಚಿಸಿದ್ದಾರೆ. "ಎಲ್ಲಾ ಫೋನು ಕನೆಕ್ಟ್ ಆಗಿವೆ, ಇದೊಂದೇ ಆಗಿಲ್ಲ, ಅಂದಮೇಲೆ ತೊಂದರೆ ಇದರಲ್ಲೇ ಇದೆ." ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಅಮ್ಮನ ಫೋನು ಹಿಂದಿನ ದಿನ ರಾತ್ರಿವರೆಗೂ ಹಳೇ ಡಬ್ಬಿಯ ವೈಫೈಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ರಾತ್ರೋರಾತ್ರಿ ಅದರಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ರೂಟರು. ಯಾವುದು ಕೆಟ್ಟಿದೆ ಅಂತ ಹುಡುಕುವ ಬದಲು ಯಾವುದು ಬದಲಾಗಿದೆ ಅಂತ ಕೇಳಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಕೇಳಿಕೊಳ್ಳಲಿಲ್ಲ. ಫೋನನ್ನು ಆಫ್ ಮಾಡಿ ಆನ್ ಮಾಡಿದೆ. ವೈಫೈ ಫರ್ಗೆಟ್ ಮಾಡಿ ಮತ್ತೆ ಹಾಕಿದೆ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಓದಿಸಿ ಹಾಕಿದೆ. ಆಮೇಲೆ ರೀಸೆಟ್ ಅಂತ ತೀರ್ಮಾನಿಸಿದೆ. ಮೆಮೊರಿ ಕಾರ್ಡ್ ಹೊರಗೆ ತೆಗೆದಿಟ್ಟೆ. ಅದರಲ್ಲಿ ಫೋಟೋಗಳಿದ್ದವು, ಹಾಗಾಗಿ ಎಲ್ಲ ಕ್ಷೇಮ ಅಂದುಕೊಂಡೆ. ಸೆಟ್ಟಿಂಗ್ಸ್‌ನಿಂದ ಮಾಡುವುದಕ್ಕಿಂತ ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿ ಮಾಡಿದರೆ ಪೂರ್ತಿ ಕ್ಲೀನ್ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಹಾಗೇ ಮಾಡಿದೆ.

ಫೋನು ಆನ್ ಆಯಿತು. ಭಾಷೆ ಕೇಳಿತು. ವೈಫೈ ಕೇಳಿತು. ವೈಫೈ ಮತ್ತೆ ಕನೆಕ್ಟ್ ಆಗಲಿಲ್ಲ! ಮನೆಯೊಳಗೆ ಸಿಮ್‌ಗೂ ಸಿಗ್ನಲ್ ಇಲ್ಲ. ಇಂಟರ್ನೆಟ್ ಇಲ್ಲದೆ ಫೋನು ಮುಂದಕ್ಕೇ ಹೋಗದು. ಕೊನೆಗೆ ತಂಗಿ ತನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಕೊಂಡು ದರೆ ಹತ್ತಿದಳು, ನಾನು ಅಮ್ಮನ ಫೋನ್ ಹಿಡಿದು ಹಿಂದೆ ಹೋದೆ. ಪಟ್ ಅಂತ ಕನೆಕ್ಟ್ ಆಯಿತು. ಆ ಫೋನಿನ ವೈಫೈಗೆ ಏನೂ ಆಗಿರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗ, ಎಲ್ಲ ಅಳಿಸಿ ಹಾಕಿದ ಮೇಲೆ. ಈ ಹಾಟ್‌ಸ್ಪಾಟ್ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಮಾಡಲಿಕ್ಕೆ ಒಂದು ನಿಮಿಷವೂ ಬೇಡ.

ಅಷ್ಟಕ್ಕೇ ಮುಗಿಯಲಿಲ್ಲ. ಫೋನಿನಲ್ಲಿ ಮೊದಲಿದ್ದ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಹಾಕಿ ಅಂತ ಕೇಳಿತು. ಆಂಡ್ರಾಯ್ಡ್ 5.1ರಿಂದ ಈಚೆಗೆ ಈ ಬೀಗ ಇದೆ. ಕದ್ದ ಫೋನನ್ನು ಯಾರೂ ಹೀಗೆ ಬಟನ್ ಒತ್ತಿ ರೀಸೆಟ್ ಮಾಡಿ ಬಳಸಬಾರದು ಅಂತ ಇಟ್ಟದ್ದು, ಒಳ್ಳೆಯದೇ. ಆದರೆ ಅಮ್ಮನ ಅಕೌಂಟ್ ಮಾಡಿಕೊಟ್ಟದ್ದು ಫೋನ್ ತೆಗೆದುಕೊಂಡ ದಿನ ಅಂಗಡಿಯಲ್ಲಿದ್ದ ಹುಡುಗ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ರಿಕವರಿಗೆ ಕೊಟ್ಟ ನಂಬರು ಯಾವಾಗಲೋ ಬಂದ್ ಆದ ಸಿಮ್ಮಿನದ್ದು. ನಿಮ್ಮ ಅಪ್ಪನ ಫೋನಿನದ್ದೂ ಇದೇ ಕಥೆ ಇರುವ ಸಾಧ್ಯತೆ ಜಾಸ್ತಿ. ಈಗಲೇ ಕೇಳಿ ನೋಡಿ, ಅವರಿಗೆ ಜಿಮೇಲ್ ಪಾಸ್‌ವರ್ಡ್ ಗೊತ್ತಿದೆಯಾ ಅಂತ.

ಅಮ್ಮ ಬಿಲ್ಲನ್ನು ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಳು. ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಅದನ್ನು ತೋರಿಸಿದ ಮೇಲೆ ಲಾಕ್ ತೆಗೆದುಕೊಟ್ಟರು. ಫೋನು ವಾಪಸ್ ಬಂತು, ಒಳಗಿದ್ದದ್ದು ಬರಲಿಲ್ಲ. ನಂಬರುಗಳು ಹೋದರೆ ಹೋಗಲಿ, ಕೇಳಿ ಬರೆದುಕೊಳ್ಳಬಹುದು. ನಮ್ಮ ಅಜ್ಜಿ ಹಾಡಿದ್ದ ಹಾಡುಗಳು ಅದರಲ್ಲಿದ್ದವು. ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡು. ಮಧ್ಯಾಹ್ನ ಊಟ ಮುಗಿಸಿ ಜಗುಲಿಯಲ್ಲಿ ಕೂತಾಗ ಅಮ್ಮ ಒಂದೊಂದನ್ನೇ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಕ್ಯಾಮೆರಾ ಫೋಟೋಗಳನ್ನು ಕಾರ್ಡಿಗೆ ಹಾಕುತ್ತಿತ್ತು. ವಾಯ್ಸ್ ರೆಕಾರ್ಡರ್ ಮಾತ್ರ ಫೋನಿನ ಸ್ವಂತ ಮೆಮೊರಿಗೆ ಹಾಕುತ್ತಿತ್ತು. ನಾನು ನೋಡಿರಲಿಲ್ಲ. ಅಜ್ಜಿ ಈಗ ಇಲ್ಲ. ಆರತಿ ಹಾಡೊಂದನ್ನು ಅಮ್ಮ ಮೊದಲೇ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದ್ದಳು, ಅದೊಂದು ಉಳಿದಿದೆ.

ಆಮೇಲೆ ರೂಟರಿನಲ್ಲಿ ಡಬ್ಲ್ಯೂಪಿಎ3 ತೆಗೆದು ಡಬ್ಲ್ಯೂಪಿಎ2 ಮಾಡಿದೆ. ಅಮ್ಮನ ಫೋನು ಆ ಕ್ಷಣವೇ ಕನೆಕ್ಟ್ ಆಯಿತು.

ಕಾರಣ ಇಷ್ಟೇ. ಡಬ್ಲ್ಯೂಪಿಎ2 ಬಂದದ್ದು 2004ರಲ್ಲಿ. ಸ್ಮಾರ್ಟ್‌ಫೋನ್ ಅನ್ನಿಸಿಕೊಂಡ ಹೆಚ್ಚುಕಡಿಮೆ ಎಲ್ಲಕ್ಕೂ ಅದು ಗೊತ್ತು. ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಆಂಡ್ರಾಯ್ಡಿಗೆ ಅದು ಸೇರಿದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಐಫೋನಿನಲ್ಲಿ ಐಫೋನ್ 7 ಮತ್ತು ಅದರ ನಂತರದವಕ್ಕೆ ಮಾತ್ರ ಇದೆ, ಐಫೋನ್ 6ಕ್ಕೆ ಇಲ್ಲ. ರೂಟರು ಡಬ್ಲ್ಯೂಪಿಎ3 ಮಾತ್ರ ಅಂತ ಹಠ ಹಿಡಿದರೆ ಹಳೇ ಫೋನು ಪಾಸ್‌ವರ್ಡ್ ಸರಿ ಹಾಕಿದರೂ ಒಳಗೆ ಬರಲಾರದು. ಅದನ್ನು ಎಷ್ಟು ರೀಸೆಟ್ ಮಾಡಿದರೂ ಇಲ್ಲದ್ದು ಬರುವುದಿಲ್ಲ. ಎರಡೂ ಸೇರಿದ ಮಿಕ್ಸೆಡ್ ಮೋಡ್ ಅಂತ ಒಂದಿದೆ. ಕೆಲವು ಹಳೇ ಫೋನುಗಳು ಅದರಲ್ಲೂ ಎಡವುತ್ತವೆ. ಹಾಗಾದರೆ ಬರೀ ಡಬ್ಲ್ಯೂಪಿಎ2 ಇಟ್ಟು, ಎನ್‌ಕ್ರಿಪ್ಷನ್ ಅಂತ ಇರುವ ಕಡೆ ಎಇಎಸ್ ಆರಿಸಿ ನೋಡಿ.

ಈಗ ನಿಮ್ಮ ಅಪ್ಪನ ಫೋನಿಗೆ ಬರೋಣ. ಮೊದಲು ಹಾಟ್‌ಸ್ಪಾಟ್ ಪರೀಕ್ಷೆ. ನಿಮ್ಮ ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್ (ವೈಫೈ ಓಡುವ ರೇಡಿಯೋ ಬ್ಯಾಂಡ್‌ಗಳಲ್ಲಿ ಒಂದು, ಇನ್ನೊಂದು 5 ಗಿಗಾಹರ್ಟ್ಸ್), ಡಬ್ಲ್ಯೂಪಿಎ2 ಮಾಡಿ ಆನ್ ಮಾಡಿ. ಐಫೋನ್ 12 ಅಥವಾ ಹೊಸದಾದರೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ 2.4ಕ್ಕೆ ಬರುತ್ತದೆ. ಅಪ್ಪನ ಫೋನು ಅದಕ್ಕೆ ಕನೆಕ್ಟ್ ಆಯಿತು ಅಂದ್ರೆ ಫೋನು ಸರಿ ಇದೆ, ಕೆಲಸ ಇರುವುದು ರೂಟರಿನಲ್ಲಿ. ಇನ್ನು ಫೋನನ್ನು ಮುಟ್ಟುವ ಅಗತ್ಯವೇ ಇಲ್ಲ.

ರೂಟರಿನ ಅಡಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ಜಿಯೋಫೈಬರ್ ಆದರೆ 192.168.29.1. ಒಳಗೆ ಹೋಗಿ ಮೊದಲು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಹೊಸ ರೂಟರುಗಳು ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಇಡುತ್ತವೆ, ಹಳೇ ಫೋನುಗಳಿಗೆ ಅದರಿಂದ ಕಿರಿಕಿರಿ. ಕಡಿಮೆ ಬೆಲೆಯ ಹಳೇ ಫೋನುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಐಫೋನಿನಲ್ಲೂ 4ಎಸ್ ತನಕ ಅಷ್ಟೇ, 5 ಗಿಗಾಹರ್ಟ್ಸ್ ಬಂದದ್ದು ಐಫೋನ್ 5ರಿಂದ. ವೈಫೈ ಹೆಸರಿನ ಕೊನೆಗೆ 5ಜಿ ಅಂತ ಇದ್ದರೆ ಅದು ಮೊಬೈಲಿನ 5ಜಿ ಅಲ್ಲ, ಈ 5 ಗಿಗಾಹರ್ಟ್ಸೇ. ಅಪ್ಪನ ಫೋನಿಗೆ ಅದು ಕಾಣದಿದ್ದರೆ ಗಾಬರಿ ಬೇಡ.

2.4 ಅಂದರೆ ಹಳೇ ಕಾಲದ್ದು, ನಿಧಾನ ಅಂತ ಸುಮ್ನೆ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋಡೆ ದಾಟಿ ಹೋಗುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತ ಇದೇ ವಾಸಿ. ನಮ್ಮ ಅಡುಗೆಮನೆಗೆ ತಲುಪುವುದು ಇದೊಂದೇ. ವಿಡಿಯೋ ಕಾಲ್‌ಗೆ ಬೇಕಾದ ವೇಗ ಇದರಲ್ಲಿ ಧಾರಾಳವಾಗಿ ಸಿಗುತ್ತದೆ.

2.4ರೊಳಗೂ ಚಾನೆಲ್ ಅಂತ ನಂಬರ್ ಹಾಕಿದ ದಾರಿಗಳಿವೆ, ಅದನ್ನು ಆಟೋ ಅಂತ ಬಿಡದೆ 1, 6, 11ರಲ್ಲಿ ಒಂದನ್ನು ಇಡಿ. ನಮ್ಮ ದೇಶದಲ್ಲಿ 13ರ ತನಕ ಬಳಸಬಹುದು, ಅಮೆರಿಕದ ಫೋನುಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಮಗಳೋ ಅಳಿಯನೋ ಅಲ್ಲಿಂದ ತಂದುಕೊಟ್ಟ ಹಳೇ ಫೋನಾಗಿದ್ದು ರೂಟರು 12 ಅಥವಾ 13ಕ್ಕೆ ಹೋಗಿ ಕೂತರೆ, ವೈಫೈ ಹೆಸರೇ ಕಾಣಿಸದೇ ಇರಬಹುದು.

ಇನ್ನೊಂದು ಮುಖ್ಯ ವಿಷಯ. ಒಂದು ಹಳೇ ಫೋನಿಗೋಸ್ಕರ ಇಡೀ ಮನೆಯ ವೈಫೈಯನ್ನು ಸಡಿಲ ಮಾಡಬೇಡಿ. ಪಾಸ್‌ವರ್ಡ್ ಇಲ್ಲದೆ ಓಪನ್ ಬಿಡಿ, ಡಬ್ಲ್ಯೂಇಪಿ (ಸುಲಭವಾಗಿ ಮುರಿಯುವ ಹಳೇ ಬೀಗ) ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಈಗಿನ ಬಹಳಷ್ಟು ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಗೆ ಬಂದವರಿಗೆ ಅಂತ ಬೇರೆಯೇ ಒಂದು ವೈಫೈ, ಇದೆ. ಅದನ್ನು 2.4, ಡಬ್ಲ್ಯೂಪಿಎ2 ಮಾಡಿ, ಉದ್ದನೆಯ ಪಾಸ್‌ವರ್ಡ್ ಇಟ್ಟು ಅಪ್ಪನ ಫೋನನ್ನು ಅದಕ್ಕೆ ಹಾಕಿ. ನಾನು ಈಗ ಹಾಗೇ ಮಾಡಿದ್ದೇನೆ. 2017ರಲ್ಲಿ ಡಬ್ಲ್ಯೂಪಿಎ2ರಲ್ಲೇ ಕ್ರ್ಯಾಕ್ ಅನ್ನುವ ದೋಷ ಬೆಳಕಿಗೆ ಬಂತು, ಆಂಡ್ರಾಯ್ಡ್ 6ಕ್ಕೆ ಅದರ ಪೆಟ್ಟು ಜೋರಾಗಿತ್ತು. ಆಮೇಲಿನ ಅಪ್‌ಡೇಟ್ ಬರದ ಫೋನುಗಳಲ್ಲಿ ಆ ದೋಷ ಈಗಲೂ ಹಾಗೇ ಇದೆ. ಅದಕ್ಕೇ ಅಮ್ಮನ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ಯಾವುದೂ ಇಲ್ಲ. ನೀವೂ ಹಾಕಬೇಡಿ.

ಹಾಟ್‌ಸ್ಪಾಟಿಗೂ ಕನೆಕ್ಟ್ ಆಗದಿದ್ದರೆ ಮಾತ್ರ ಫೋನಿನ ಒಳಗೆ ನೋಡಬೇಕು. ಆಗಲೂ ಫ್ಯಾಕ್ಟರಿ ರೀಸೆಟ್ ಅಲ್ಲ. ಆಂಡ್ರಾಯ್ಡ್ 6ರಿಂದ ಈಚೆಗೆ 'ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್' ಅಂತ ಬೇರೆಯೇ ಇದೆ. ಅದು ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ, ಮೊಬೈಲ್ ಡೇಟಾ ಸೆಟ್ಟಿಂಗ್ ಇಷ್ಟನ್ನು ಅಳಿಸುತ್ತದೆ. ಫೋಟೋ, ರೆಕಾರ್ಡಿಂಗ್ ಮುಟ್ಟುವುದಿಲ್ಲ. ಎರಡೂ ಆಯ್ಕೆ ಅಕ್ಕಪಕ್ಕವೇ ಇರುತ್ತವೆ, ಓದಿ ಒತ್ತಿ. ವೈಫೈ ಸ್ವಿಚ್ ಆನ್ ಆಗುವುದೇ ಇಲ್ಲ ಅಂದ್ರೆ ಒಳಗಿನ ಚಿಪ್ ಹೋಗಿರಬಹುದು, ಅದು ರಿಪೇರಿಯವರ ಕೆಲಸ.

ಕನೆಕ್ಟ್ ಆಗಿಯೂ ಯಾವ ಪುಟವೂ ತೆರೆಯದಿದ್ದರೆ ಫೋನಿನ ತಾರೀಕು ನೋಡಿ. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದ ಫೋನುಗಳಲ್ಲಿ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ತಾರೀಕು ತಪ್ಪಿದ್ದರೆ ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರವನ್ನು ಫೋನು ನಂಬುವುದಿಲ್ಲ.

ಹೊಸ ಫೋನ್ ವಿಷಯ. ಅಪ್ಪನದ್ದು ಆಂಡ್ರಾಯ್ಡ್ 4.4 ಅಥವಾ ಅದಕ್ಕಿಂತ ಹಳೆಯದಾದರೆ ನನ್ನ ಅಭಿಪ್ರಾಯ ಬದಲಾಗುತ್ತದೆ. ಅದರಲ್ಲಿ ಈಗ ವಾಟ್ಸಾಪ್ ನಡೆಯುವುದಿಲ್ಲ, ಗೂಗಲ್ ಪ್ಲೇ ಸರ್ವಿಸಸ್ ಕೂಡ 2023ರಲ್ಲಿ ಅದನ್ನು ಕೈಬಿಟ್ಟಿದೆ. ವೈಫೈ ಸಿಕ್ಕಿದರೂ ಅಪ್ಪನಿಗೆ ಉಪಯೋಗ ಕಡಿಮೆ, ಅವರಿಗೆ ಹೊಸದು ಕೊಡಿಸಿ. ಆದರೆ ಅದಕ್ಕೂ ಮೊದಲು ಹಳೆಯದಕ್ಕೆ ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಕ್ಯಾಮೆರಾ ಫೋಲ್ಡರ್ ಒಂದನ್ನೇ ಅಲ್ಲ. ವಾಟ್ಸಾಪ್ ಫೋಲ್ಡರ್, ಡೌನ್‌ಲೋಡ್, ರೆಕಾರ್ಡಿಂಗ್, ಸೌಂಡ್ಸ್ ಅಂತ ಏನೇನು ಹೆಸರಿದೆಯೋ ಅದೆಲ್ಲ. ಕಾರ್ಡಿನದ್ದೂ, ಫೋನಿನ ಮೆಮೊರಿಯದ್ದೂ. ಕಾಪಿ ಆದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದೆರಡು ಫೈಲ್ ತೆರೆದು ಕೇಳಿ ನೋಡಿ, ಆಮೇಲೆ ಫೋನನ್ನು ಏನು ಬೇಕಾದರೂ ಮಾಡಿ.