ತಿರುಗೋದು ನಿಂತಿದೆ, ತೇಲೋದು ನಿಂತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ರಾಗ. "ಚಕ್ಕರ ನಿಂತಾವ್ರಿ, ಆದ್ರ ತಲಿ ಇನ್ನೂ ನನ್ನ ಮಾತು ಕೇಳವಲ್ದು." ಬಿಪಿಪಿವಿ ಅಂದ್ರೆ ಒಳಗಿವಿಯ ಸಣ್ಣ ಹರಳು ಜಾಗ ತಪ್ಪಿ, ತಲೆ ಅಲ್ಲಾಡಿದಾಗ ಚಕ್ಕರ ಬರೋದು. ಅಷ್ಟೇ ಸಾಕು, ಮತ್ತೆ ಮೊದಲಿನಿಂದ ಹೇಳಲ್ಲ. ಮಗ್ಗುಲು ಬದಲಿಸಿದಾಗ ಕೋಣೆಯೇ ಗರಗರ ತಿರುಗಿದವರಿಗೆ ಅದು ಗೊತ್ತೇ ಇದೆ.

ಪ್ರಶ್ನೆ: ನನಗೆ 52 ವರ್ಷ. ಹುಬ್ಬಳ್ಳಿಯ ನವನಗರದಲ್ಲಿ ಮನೆ, ಧಾರವಾಡದಲ್ಲಿ ಶಾಲಾ ಶಿಕ್ಷಕಿ. ಐದು ವಾರದ ಹಿಂದೆ, ತಲೆ ಹೊರಳಿಸಿ ಹರಳನ್ನು ಜಾಗಕ್ಕೆ ತರುವ ಎಪ್ಲಿ ವಿಧಾನದಿಂದ ತಲೆ ತಿರುಗುವುದು ನಿಂತಿತು. ಆದರೆ ಗಾದಿಯ ಮೇಲೆ ನಡೆದ ಹಾಗೆ ಅನಿಸುತ್ತದೆ. ಮತ್ತೆ ಬಂದೀತು ಅನ್ನೋ ಭಯಕ್ಕೆ ಬಲಮಗ್ಗುಲಿಗೆ ಮಲಗುವುದಿಲ್ಲ, ಬಸ್ ಹತ್ತುವುದಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತದೆ. ಮನೆಯವರು "ಮನಸ್ಸಿಗೆ ಹಚ್ಚಿಕೊಂಡೀ" ಅನ್ನುತ್ತಾರೆ. ಗುಳಿಗೆ ಮುಂದುವರಿಸಲೇ?

ಅಕ್ಕೋರೇ, ಮೊದಲ ಮಾತು ನಿಮ್ಮ ಮನೆಯವರಿಗೆ. ಆ ಮಾತು ಇವತ್ತೇ ನಿಲ್ಲಿಸಿ. ಇದು ನಾಟಕ ಅಲ್ಲ, ಚಿಕಿತ್ಸೆ ಕೆಟ್ಟಿದೆ ಅಂತಲೂ ಅಲ್ಲ. ಹರಳು ತನ್ನ ಜಾಗಕ್ಕೆ ಮರಳಿದ ಮೇಲೂ ಬಹಳ ಜನರಿಗೆ ಕೆಲವು ದಿನ, ಕೆಲವು ವಾರ ತೇಲಿದ ಹಾಗೆ ಆಗುತ್ತೆ. ಸಾಮಾನ್ಯವಾಗಿ ಎರಡು ಮೂರು ತಿಂಗಳೊಳಗೆ ತಾನೇ ಕರಗುತ್ತೆ. ವಯಸ್ಸಾದವರಿಗೆ, ತಡವಾಗಿ ಬಂದವರಿಗೆ, ಮೊದಲೇ ಗಾಬರಿ ಸ್ವಭಾವದವರಿಗೆ ಸ್ವಲ್ಪ ಎಳೆಯುತ್ತೆ.

ದುರ್ಗದಬೈಲಿನ ಕಾಯಿಪಲ್ಲೆ ವ್ಯಾಪಾರಿಯ ತಕ್ಕಡಿ ಒಂದು ಕಡೆ ಇಳಿಯುತ್ತಿತ್ತು ಅನ್ನಿ. ಆತ ಇನ್ನೊಂದು ಕಡೆ ಸಣ್ಣ ಕಲ್ಲು ಇಟ್ಟು ತೂಗುವುದನ್ನು ರೂಢಿ ಮಾಡಿಕೊಂಡ. ತಕ್ಕಡಿ ರಿಪೇರಿ ಆದ ಮೇಲೂ ಕೈ ಅಭ್ಯಾಸಕ್ಕೆ ಕಲ್ಲು ಇಡುತ್ತೆ, ತೂಕ ತಪ್ಪುತ್ತೆ. ನಿಮ್ಮ ಮಿದುಳು ಈಗ ಮಾಡುತ್ತಿರೋದು ಅದನ್ನೇ. ಒಂದು ಕಿವಿ ಕೊಡುತ್ತಿದ್ದ ಸುಳ್ಳು ಲೆಕ್ಕಕ್ಕೆ ಅದು ಹೊಂದಿಕೊಂಡಿತ್ತು. ಕಲ್ಲು ತೆಗೆಯೋದನ್ನು ಕಲಿಯಬೇಕಾದರೆ ಮತ್ತೆ ಮತ್ತೆ ತೂಗಬೇಕು, ಅಂದ್ರೆ ತಲೆ ಅಲ್ಲಾಡಬೇಕು.

ನೀವು ಮಾಡುತ್ತಿರೋದು ಅದರ ಉಲ್ಟಾ. ನಿಮ್ಮಂಥವರು ನನ್ನ ಕೋಣೆಗೆ ಬರುವ ರೀತಿಯಲ್ಲೇ ನನಗೆ ಗೊತ್ತಾಗುತ್ತೆ. ತುಂಬಿದ ಕೊಡ ತಲೆ ಮೇಲೆ ಇಟ್ಟುಕೊಂಡ ಹಾಗೆ ಬರುತ್ತಾರೆ. ಬೆರಳು ಗೋಡೆಗೆ ತಾಗಿಯೇ ಇರುತ್ತೆ. ಹಿಂದಿನಿಂದ ಹೆಸರು ಹಿಡಿದು ಕರೆದರೆ ಕುತ್ತಿಗೆ ತಿರುಗಿಸಲ್ಲ, ಇಡೀ ಮೈ ತಿರುಗಿಸುತ್ತಾರೆ. ಮೊದಲೆಲ್ಲ ನಾನೂ "ಹರಳು ಸರಿ ಹೋಯ್ತು, ಏನೂ ಇಲ್ಲ, ನಡೀರಿ" ಅಂತ ಕಳಿಸಿಬಿಡುತ್ತಿದ್ದೆ. ತಿಂಗಳ ಮೇಲೆ ಅವರೇ ಇನ್ನೂ ಕುಗ್ಗಿ ಬರುತ್ತಿದ್ದರು. ಈಗ ಆ ಮಾತು ಆಡಲ್ಲ.

ಭಯಕ್ಕೂ ಕಾರಣ ಇದೆ. ಸಮತೋಲನ ನೋಡಿಕೊಳ್ಳುವ ನರಗಳಿಗೂ, ಎದೆ ಡವಡವ ಅನ್ನಿಸುವ, ಬೆವರು ತರಿಸುವ ವ್ಯವಸ್ಥೆಗೂ ಮಿದುಳಿನಲ್ಲಿ ನಂಟಿದೆ. ಹಾಗಾಗಿ ನೀವು ಪುಕ್ಕಲು ಅಂತ ಅಲ್ಲ. ಆದರೆ ಭಯಕ್ಕೆ ಮೈ ಬಿಗಿಹಿಡಿದಷ್ಟೂ ತೇಲುವುದು ಉಳಿಯುತ್ತೆ, ತೇಲಿದಷ್ಟೂ ಭಯ ಬೆಳೆಯುತ್ತೆ.

ವ್ಯಾಯಾಮಕ್ಕೆ ಮೊದಲು ಮತ್ತೊಮ್ಮೆ ತೋರಿಸಿಕೊಳ್ಳಿ. ಮಲಗಿಸಿ, ತಲೆ ಹೊರಳಿಸಿ, ಕಣ್ಣಿನ ಚಲನೆ ನೋಡದೆ "ಇದು ಉಳಿಕೆ ಅಷ್ಟೇ" ಅನ್ನೋ ಧೈರ್ಯ ನನಗಿಲ್ಲ. ಒಂದೊಂದು ಸಲ ಹರಳು ಒಳಗಿವಿಯ ಪಕ್ಕದ ನಾಳಕ್ಕೆ ಹೋಗಿರುತ್ತೆ. ಮಲಗಿದಾಗ, ನಿಂತಾಗ ಬಿಪಿ ನೋಡಿಸಿ. ರಕ್ತ ಕಮ್ಮಿ ಇದೆಯಾ, ಅದನ್ನೂ ನೋಡಿಸಿ.

ಎಲ್ಲ ಸರಿ ಇದ್ದರೆ ಕ್ಯಾಲೆಂಡರಿನ ಒಂದು ಅಂಕಿಯ ಮೇಲೆ ಕಣ್ಣಿಟ್ಟು, ಅದು ಮಸುಕಾಗದ ಹಾಗೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ. ಒಂದು ನಿಮಿಷ, ದಿನಕ್ಕೆ ಮೂರು ಸಲ. ಸ್ವಲ್ಪ ತಲೆ ತೇಲಿದರೆ ಒಳ್ಳೇದೇ, ಕೆಲಸ ನಡೀತಿದೆ ಅಂತ ಅರ್ಥ. ಸಂಜೆ ಉಣಕಲ್ ಕೆರೆ ದಂಡೆಯಲ್ಲಿ ಆಕಡೆ ಈಕಡೆ ನೋಡುತ್ತಾ ನಡೀರಿ, ಮೊದಲ ವಾರ ಯಾರಾದರೂ ಜೊತೆಗಿರಲಿ. ಬಲಮಗ್ಗುಲಿಗೆ ಅವತ್ತು ರಾತ್ರಿಯೇ ಮಲಗಿ. ಚಿಗರಿ ಬಸ್ಸಿಗೆ ಮೊದಲು ಒಂದೇ ಸ್ಟಾಪ್, ಕುಳಿತು. ಆಮೇಲೆ ಮೂರು ಸ್ಟಾಪ್. ಧಾರವಾಡ ತಾನಾಗಿ ಬರುತ್ತೆ. ಬಚ್ಚಲಿನ ವಿಷಯದಲ್ಲಿ ಮಾತ್ರ ನಾನು ಅತಿ ಹುಷಾರಿ. ಹಿಡಿಕೆ ಹಾಕಿಸಿ, ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳೋದು ಕುಳಿತೇ ಆಗಲಿ.

ಗುಳಿಗೆ? ತಲೆಸುತ್ತಿನ ಗುಳಿಗೆಗಳು ಹರಳನ್ನು ಎಲ್ಲಿಗೂ ತಳ್ಳಲ್ಲ. ಅದರಲ್ಲೂ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಥರದವು ಮಿದುಳನ್ನು ಮಂಕು ಮಾಡಿ ಕಲಿಕೆಯನ್ನೇ ತಡ ಮಾಡುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಕೈನಡುಕ, ಮೈಬಿಗಿತ ಬರಬಹುದು. ಹಳೇ ಚೀಟಿ ತೋರಿಸಿ ಅಂಗಡಿಯಿಂದ ತಂದುಕೊಳ್ಳೋದು ಬಿಡಿ. ನಿದ್ದೆಯ, ಗಾಬರಿಯ ಗುಳಿಗೆಯಾದರೆ ಒಮ್ಮೆಲೇ ನಿಲ್ಲಿಸಬೇಡಿ, ಕೊಟ್ಟವರನ್ನೇ ಕೇಳಿ ಕಮ್ಮಿ ಮಾಡಿ.

ಮೂರು ತಿಂಗಳು ದಾಟಿದರೂ, ಬಹುತೇಕ ದಿನ ತೇಲುತ್ತಲೇ ಇದ್ದು, ನಿಂತಾಗ, ಸೀರೆ ಅಂಗಡಿಯಂಥ ಗಜಿಬಿಜಿಯಲ್ಲಿ ಜಾಸ್ತಿ ಆದರೆ ಅದು ಬೇರೆ ತೊಂದರೆ. ಅದಕ್ಕೂ ಚಿಕಿತ್ಸೆ ಇದೆ: ಇದೇ ವ್ಯಾಯಾಮ, ಆಪ್ತ ಸಮಾಲೋಚನೆ, ಬೇಕಾದರೆ ಮನೋವೈದ್ಯರ ಔಷಧ. ಆದರೆ ಅಳು, ನಿದ್ದೆ ಇಲ್ಲದಿರೋದು ಎರಡು ವಾರ ಬಿಡದಿದ್ದರೆ ಮೂರು ತಿಂಗಳು ಕಾಯಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮ್ಮ ಶಾಲೆಯ ಊರಲ್ಲೇ ಇದೆ. ಅದನ್ನು "ಹುಚ್ಚಾಸ್ಪತ್ರಿ" ಅನ್ನುವವರ ಬಾಯಿಗೆ ಹೆದರಿ ಎಷ್ಟು ಜನ ವರ್ಷಗಟ್ಟಲೆ ನರಳಿದ್ದನ್ನು ನೋಡಿದ್ದೀನಿ, ಸಿಟ್ಟು ಬರುತ್ತೆ. ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ.

ಗದಗ: ತಲೆ ಹೊರಳಿಸಿದ ಮೇಲೆ ಒಂದು ವಾರ ಕುಳಿತೇ ನಿದ್ದೆ ಮಾಡಬೇಕಂತೆ?

ಬೇಡ. ಅದು ಹಳೇ ಪದ್ಧತಿ.

ರಾಣೆಬೆನ್ನೂರು: ಪಿತ್ತ ಅಂತ ಕಿವಿಗೆ ಬಿಸಿ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಕುತ್ತಿಗೆಗೆ ಪಟ್ಟಿಯನ್ನೂ ಹಾಕಿದ್ದಾರೆ.

ಎಣ್ಣೆ ಹರಳಿನ ಹತ್ತಿರಕ್ಕೂ ಹೋಗಲ್ಲ, ಮಧ್ಯೆ ತಮಟೆ ಇದೆ. ಕಿವಿ ಸುಟ್ಟುಕೊಂಡವರನ್ನು ನೋಡಿ ನೋಡಿ ಸಾಕಾಗಿದೆ. ಪಟ್ಟಿ ಬಿಚ್ಚಿ, ಕಿವಿ ತೋರಿಸಿ.

ಹಾವೇರಿ: ಮತ್ತೆ ಬರುತ್ತಾ?

ಬರಬಹುದು. ಐದು ವರ್ಷದಲ್ಲಿ ಅರ್ಧದಷ್ಟು ಜನರಿಗೆ ಮರಳುತ್ತೆ ಅನ್ನೋ ಅಂದಾಜಿದೆ. ಬಂದರೆ ಮತ್ತೆ ಕೆಲವು ನಿಮಿಷದ ಕೆಲಸ. ವಿಟಮಿನ್ ಡಿ ಕಮ್ಮಿ ಇದ್ದರೆ ಸರಿ ಮಾಡಿಕೊಳ್ಳಿ.

ಕುಂದಗೋಳ: ತಲೆ ತಿರುಗುತ್ತದೆ, ನಿನ್ನೆಯಿಂದ ಮಾತೂ ತೊದಲುತ್ತಿದೆ. ಮೊಬೈಲ್ ನೋಡಿ ಎಪ್ಲಿ ಮಾಡಲೇ?

ಇದಕ್ಕೆ ಪತ್ರ ಬರೆದು ಕಾಯುತ್ತಾರಾ? ಮಾತು ತೊದಲಿದರೆ, ಬಾಯಿ ಸೊಟ್ಟಾದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಮಿದುಳಿನ ಹೊಡೆತ ಇರಬಹುದು. ಆ ಕ್ಷಣಕ್ಕೇ 108.