ಕ್ರಾಸ್‌ಬೋ ಹೆದೆ ಸಡಿಲವಾದರೆ: ಹುರಿ ಹಾಕುವ ಮೊದಲು ಅಳತೆ ನೋಡಿ

ಶಹಾಪುರದ ಸದಸ್ಯರಿಗೆ ಶರಣು. ನಿಮ್ಮ ರಿಕರ್ವ್ ಕ್ರಾಸ್‌ಬೋಗೆ (ಕೋವಿಯಂಥ ಹಿಡಿಕೆಗೆ ಅಡ್ಡಲಾಗಿ ಕೂರಿಸಿದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಯುಗಾದಿಗೆ ಮುಂಚೆ ಹೊಸ ಸ್ಟ್ರಿಂಗ್, ಅಂದರೆ ಹೆದೆ, ಹಾಕಿಸಿದ್ದೀರಿ. ಈಗ ಮೇ ತಿಂಗಳಲ್ಲಿ ಅದೇ ದೂರದ ಗುರಿಗೆ ಬಾಣ ಒಂದು ಗೇಣು ಕೆಳಗೆ ಬೀಳುತ್ತಿದೆ, ಹೆದೆಯೂ ಸಡಿಲವಾದಂತೆ ಕಾಣುತ್ತಿದೆ, ಹುರಿ ಹಾಕಿ, ಅಂದರೆ ಹೆದೆಯನ್ನು ತಿರುಚಿ ಗಿಡ್ಡ ಮಾಡಿ, ಬಿಗಿ ಮಾಡಬೇಕೋ ಹೊಸದನ್ನೇ ತರಿಸಬೇಕೋ ಎಂದು ಕೇಳಿದ್ದೀರಿ. ಇದಕ್ಕೆ ಒಬ್ಬರು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದ್ದಾರೆ, ಇನ್ನೊಬ್ಬರು ಮೇಣ ಹಚ್ಚಿ ಹೇರ್ ಡ್ರೈಯರ್‌ನಿಂದ ಕರಗಿಸಲು ಹೇಳಿದ್ದಾರೆ. ದಯವಿಟ್ಟು ಈ ಎರಡನ್ನೂ ಮಾಡಬೇಡಿ. ಕಾರಣವನ್ನು ಮುಂದೆ ಬರೆಯುತ್ತೇನೆ. ಹುರಿ ಹಾಕುವುದು ಸರಿಯಾದ ಉಪಾಯವೇ, ಆದರೆ ಹೆದೆ ಯಾವ ಕಾರಣದಿಂದ ಉದ್ದವಾಗಿದೆ ಎಂಬುದು ತಿಳಿದ ಮೇಲೆ ಮಾತ್ರ ಅದಕ್ಕೆ ಕೈ ಹಾಕಬೇಕು.

ಹೆದೆ ಹಿಗ್ಗಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು, ಎಳೆದಾಗ ಹಿಗ್ಗಿ, ಬಿಟ್ಟಾಗ ಮತ್ತೆ ತನ್ನ ಅಳತೆಗೆ ಬರುವ ಸ್ಥಿತಿಸ್ಥಾಪಕ ಗುಣ, ಇದು ದೋಷವಲ್ಲ. ಎರಡನೆಯದು, ಹೊಸ ಹೆದೆ ಕೂಡಿಕೊಳ್ಳುವುದು: ಎಳೆಗಳ ನಡುವಿನ ಸಡಿಲ ಸಮನಾಗುತ್ತದೆ, ಹುರಿ ಬಿಗಿಯಾಗಿ ಕೂಡುತ್ತದೆ, ತುದಿಯ ಕುಣಿಕೆಗಳು ಬಿಲ್ಲಿನ ತೋಳಿನ ಕಚ್ಚಿನಲ್ಲಿ ತಮ್ಮ ಜಾಗ ಹಿಡಿಯುತ್ತವೆ. ಹೊಸದಾಗಿ ನವಾರ ಹೆಣೆದ ಹೊರಸು ಮೊದಲ ಕೆಲವು ರಾತ್ರಿ ಜೋತು, ಒಮ್ಮೆ ಎಳೆದು ಕಟ್ಟಿದ ಮೇಲೆ ನಿಲ್ಲುವುದಿಲ್ಲವೇ, ಹಾಗೆ. ಸಾಮಾನ್ಯವಾಗಿ ಮೊದಲ 20ರಿಂದ 50 ಬಾಣಗಳೊಳಗೆ ಇದು ಮುಗಿಯುತ್ತದೆ, ಆದ್ದರಿಂದಲೇ ಅಷ್ಟು ಬಾಣ ಬಿಡುವವರೆಗೆ ಸ್ಕೋಪ್ ಹೊಂದಿಸಬಾರದು. ಮೂರನೆಯದು ಕ್ರೀಪ್, ಅಂದರೆ ಭಾರದಡಿಯಲ್ಲಿ ನೂಲೇ ಶಾಶ್ವತವಾಗಿ, ನಿಧಾನವಾಗಿ ಉದ್ದವಾಗುತ್ತ ಹೋಗುವುದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಈ ಮೂರನೆಯದೆಂದು ನನಗೆ ತೋರುತ್ತದೆ, ಅದಕ್ಕೆ ನಮ್ಮ ಭಾಗದ ಬಿಸಿಲೂ ಕಾರಣ.

ಹೆದೆಯನ್ನು ಯಾವ ನೂಲಿನಿಂದ ಮಾಡಿದ್ದಾರೆ ಎಂಬುದು ಇಲ್ಲಿ ಬಹಳ ಮುಖ್ಯ. ಡೇಕ್ರಾನ್ ಎಂದರೆ ಪಾಲಿಯೆಸ್ಟರ್. ಅದು ಪ್ರತಿ ಬಾಣಕ್ಕೂ ಹೆಚ್ಚು ಹಿಗ್ಗಿ ಮರಳುತ್ತದೆ, ಬಿಲ್ಲಿನ ತೋಳುಗಳ ಮೇಲೆ ಮೃದುವಾಗಿರುತ್ತದೆ, ಆದರೆ ವೇಗ ಕಡಿಮೆ. ಫಾಸ್ಟ್ ಫ್ಲೈಟ್, ಡೈನೀಮಾ ಮುಂತಾದವು ಪಾಲಿಎಥಿಲೀನ್ ಜಾತಿಯ ನೂಲುಗಳು. ತೂಕಕ್ಕೆ ಹೋಲಿಸಿದರೆ ಬಹಳ ಗಟ್ಟಿ, ಎಳೆದಾಗ ಹಿಗ್ಗುವುದು ತೀರ ಕಡಿಮೆ, ಆದರೆ ಬಿಗಿತ ಮತ್ತು ಶಾಖ ಎರಡೂ ಒಟ್ಟಿಗೆ ಬಹಳ ಹೊತ್ತು ಇದ್ದರೆ ಇವು ನಿಧಾನವಾಗಿ ಉದ್ದವಾಗುತ್ತವೆ. ವೆಕ್ಟ್ರಾನ್ ಎಂಬ ನೂಲಿಗೆ ಕ್ರೀಪ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದಲೇ 452ಎಕ್ಸ್, ಬಿಸಿವೈ-ಎಕ್ಸ್ ಮೊದಲಾದ ನೂಲುಗಳಲ್ಲಿ ಡೈನೀಮಾದ ಜೊತೆ ಅದನ್ನು ಬೆರೆಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಮೀರಬಹುದು. ಹೆದೆಯೇರಿಸಿದ ಕ್ರಾಸ್‌ಬೋ ಅಂಥ ಕಾರಿನ ಡಿಕ್ಕಿಯಲ್ಲೋ ತಗಡಿನ ಶೆಡ್ಡಿನಲ್ಲೋ ವಾರಗಟ್ಟಲೆ ಇದ್ದರೆ, ಒಂದು ಬಾಣವನ್ನೂ ಬಿಡದೆ ಹೆದೆ ಉದ್ದವಾಗುತ್ತದೆ. ಶಹಾಬಾದ್ ಕಲ್ಲು ಹಾಸಿದ, ಬಿಸಿಲು ಬೀಳದ ಒಳಕೋಣೆಯಲ್ಲಿ ಇಡಿ. ಕೆಲವು ವಾರ ಬಳಸುವುದಿಲ್ಲವೆಂದಾದರೆ ಹೆದೆಯನ್ನು ಇಳಿಸಿಯೇ ಇಡಿ, ಆಗ ಎರಡು ಕುಣಿಕೆಗಳನ್ನೂ ಒಂದು ದಾರದಿಂದ ಜೊತೆಗೆ ಕಟ್ಟಿದರೆ ಹಾಕಿದ ಹುರಿ ಬಿಚ್ಚಿಕೊಳ್ಳುವುದಿಲ್ಲ.

ಈಗ ಅಳತೆಯ ಮಾತು. ಹೆದೆಯೇರಿಸಿ ಎಳೆಯದೆ ಇರುವಾಗ, ಹೆದೆಯ ನಡುಭಾಗದಿಂದ ರೈಸರ್‌ನ (ಎರಡು ತೋಳುಗಳನ್ನು ಕೂಡಿಸುವ ನಡುವಿನ ಗಟ್ಟಿ ಭಾಗ) ಮೇಲೆ ತಯಾರಕರು ಹೇಳಿರುವ ಜಾಗದವರೆಗಿನ ದೂರವೇ ಬ್ರೇಸ್ ಹೈಟ್. ಅದು ಎಷ್ಟಿರಬೇಕೆಂಬುದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುತ್ತದೆ. ಬೇರೆಯವರ ಕ್ರಾಸ್‌ಬೋ ಅಂಕಿ ನಿಮಗೆ ಹೊಂದದು. ಹೆದೆ ಉದ್ದವಾದರೆ ಈ ದೂರ ಕಡಿಮೆಯಾಗುತ್ತದೆ, ಎಳೆದ ಹೆದೆಯನ್ನು ಹಿಡಿದಿಡುವ ಕೊಂಡಿಗೆ ಸಿಕ್ಕಿಸಿದಾಗಲೂ ತೋಳುಗಳು ಮೊದಲಿನಷ್ಟು ಬಾಗುವುದಿಲ್ಲ, ಹಾಗಾಗಿ ಬಾಣ ಬೀಳುವ ಜಾಗ ಬದಲಾಗುತ್ತದೆ. ಹೆದೆಯೇರಿಸಿದ ತಕ್ಷಣ ಅಳೆದರೆ ಅಂಕಿ ಸ್ವಲ್ಪ ಹೆಚ್ಚು ಬರುತ್ತದೆ. ನಾಲ್ಕೈದು ಬಾಣ ಬಿಟ್ಟು, ಮುಂಜಾನೆಯ ತಂಪಿನಲ್ಲಿ, ಪ್ರತಿ ಸಲವೂ ಅದೇ ಜಾಗದಿಂದ ಅಳೆದು ತಾರೀಖಿನೊಡನೆ ಬರೆದಿಡಿ. ಅಂಕಿ ಮೊದಲ ದಿನಗಳಲ್ಲಿ ಇಳಿದು ನಿಂತರೆ ಅದು ಹೆದೆ ಕೂಡಿಕೊಂಡದ್ದು. ಬೇಸಿಗೆ ಪೂರ್ತಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ಅದು ಕ್ರೀಪ್. ಆದರೆ ನಿನ್ನೆ ಇದ್ದದ್ದು ಇಂದು ಒಮ್ಮೆಲೇ ಇಳಿದಿದ್ದರೆ ಹುರಿಯ ಯೋಚನೆಯನ್ನು ಬಿಟ್ಟು ಬಾಣ ಬಿಡುವುದನ್ನು ಅಲ್ಲಿಗೇ ನಿಲ್ಲಿಸಿ: ಕುಣಿಕೆಯ ಸುತ್ತು ಜಾರಿರಬಹುದು, ಎಳೆ ಹರಿದಿರಬಹುದು, ಅಥವಾ ತೋಳಿನ ತುದಿಯಲ್ಲಿ ಬಿರುಕು ಬಿಟ್ಟಿರಬಹುದು. ತೋಳಿನ ಉದ್ದಕ್ಕೂ ಹತ್ತಿಯ ತುಣುಕನ್ನು ಮೆಲ್ಲಗೆ ಸವರಿದರೆ, ಎಲ್ಲಿ ನಾರು ಎದ್ದಿದೆಯೋ ಅಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ.

ಅಳತೆ ನಿಧಾನವಾಗಿ ಇಳಿದಿದ್ದು, ಎಳೆಗಳೆಲ್ಲ ಸರಿ ಇದ್ದರೆ ಹುರಿ ಹಾಕಬಹುದು. ಕ್ರಾಸ್‌ಬೋದಲ್ಲಿ ಬಾಣವಿರಬಾರದು, ಹೆದೆ ಕೊಂಡಿಯಲ್ಲಿರಬಾರದು. ಹೆದೆ ಇಳಿಸುವುದಕ್ಕೆಂದೇ ಬರುವ ಉದ್ದನೆಯ ಸಹಾಯಕ ಹಗ್ಗವನ್ನು ಬಳಸಿ; ಕಾಲಿನಿಂದ ತೋಳನ್ನು ಒತ್ತಿ ಕುಣಿಕೆ ತಪ್ಪಿಸುವ ರೂಢಿ ತೋಳನ್ನೂ ತಿರುಚುತ್ತದೆ, ಮನುಷ್ಯನಿಗೂ ಪೆಟ್ಟು ಕೊಡುತ್ತದೆ. ಈಗಾಗಲೇ ಇರುವ ಹುರಿಯ ದಿಕ್ಕಿನಲ್ಲೇ ತಿರುಗಿಸಬೇಕು, ವಿರುದ್ಧ ತಿರುಗಿಸಿದರೆ ಹೆದೆ ಇನ್ನಷ್ಟು ಉದ್ದವಾಗುತ್ತದೆ, ನಡುವಿನ ಸರ್ವಿಂಗ್ (ಹೆದೆ ಸವೆಯದಂತೆ ಅದರ ಮೇಲೆ ಸುತ್ತಿದ ದಾರ) ಕೂಡ ಸಡಿಲವಾಗುತ್ತದೆ. ಎರಡು ಕುಣಿಕೆಗಳಿಗೂ ಸಮನಾಗಿ ಹಂಚಿ, ಒಂದೊಂದಕ್ಕೆ ಎರಡು ಮೂರು ಸುತ್ತಿಗಿಂತ ಹೆಚ್ಚು ಹಾಕದೆ, ಹೆದೆಯೇರಿಸಿ, ನಾಲ್ಕೈದು ಬಾಣ ಬಿಟ್ಟು, ಮತ್ತೆ ಅಳೆಯಿರಿ. ಒಂದೇ ಕಡೆ ಹಾಕಿದರೆ ಸರ್ವಿಂಗ್ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಕ್ರಾಸ್‌ಬೋದಲ್ಲಿ ಕೊಂಡಿಯ ಜಾಗ ಬದಲಾಗುವುದಿಲ್ಲ, ಆದ್ದರಿಂದ ಹೆದೆ ಗಿಡ್ಡವಾದಷ್ಟೂ ತೋಳುಗಳು ಹೆಚ್ಚು ಬಾಗಲೇಬೇಕು. ವೇಗ ಸಿಗುತ್ತದೆಂಬ ಆಸೆಗೆ ಕೈಪಿಡಿಯ ಮಿತಿಯನ್ನು ಮೀರಿ ಹುರಿ ಹಾಕಿದರೆ ತೋಳು ಸೀಳುವ ಅಪಾಯವಿದೆ. ಹುರಿ ಅತಿಯಾದ ಹೆದೆ ಸ್ಪ್ರಿಂಗಿನಂತೆ ಹಿಗ್ಗುವುದರಿಂದ ಆ ವೇಗವೂ ಪೂರ್ತಿ ದಕ್ಕುವುದಿಲ್ಲ.

ಮೇಣದ ವಿಷಯಕ್ಕೆ ಬರುತ್ತೇನೆ. ಎಣ್ಣೆ ಮತ್ತು ಗ್ರೀಸ್ ಏಕೆ ಬೇಡವೆಂದರೆ ನಮ್ಮ ಧೂಳು. ಯಾದಗಿರಿ, ಕಲಬುರಗಿಯ ಎರೆಭೂಮಿಯ ಧೂಳಾಗಲಿ, ಬೀದರ್‌ನ ಜಂಬಿಟ್ಟಿಗೆ ಕೆಂಪು ಮಣ್ಣಾಗಲಿ, ತೊಗರಿ ರಾಶಿಯ ಕಾಲದಲ್ಲಿ ಗಾಳಿಯಲ್ಲಿ ತುಂಬಿರುವ ಹೊಟ್ಟಾಗಲಿ, ಎಣ್ಣೆಗೆ ಅಂಟಿದೊಡನೆ ಎಳೆಗಳ ನಡುವೆ ಕೂತು, ಪ್ರತಿ ಬಾಣಕ್ಕೂ ನೂಲನ್ನು ಉಜ್ಜಿ ಸವೆಸುತ್ತದೆ. ಹೆದೆಗೆಂದೇ ಮಾರುವ ಮೇಣವನ್ನು ತೆಳ್ಳಗೆ ಸವರಿ, ಎರಡು ಬೆರಳುಗಳಿಂದ ಉಜ್ಜಿದರೆ ಹುಟ್ಟುವ ಬಿಸಿಯೇ ಅದನ್ನು ಒಳಗಿಳಿಸಲು ಸಾಕು. ಡೈನೀಮಾ ಜಾತಿಯ ನೂಲು ಸುಮಾರು 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಹೇರ್ ಡ್ರೈಯರ್ ಬೇಡವೆಂದದ್ದು ಇದಕ್ಕೇ. ಹಳೆಯ ಮೇಣ ಕಪ್ಪಾಗಿದ್ದರೆ, ಗಟ್ಟಿಯಾದ ತೆಳು ದಾರವನ್ನು ಹೆದೆಗೆ ಒಂದು ಸುತ್ತು ಹಾಕಿ ಉದ್ದಕ್ಕೆ ಎಳೆದರೆ ಮೇಣದೊಡನೆ ಮಣ್ಣೂ ಹೊರಬರುತ್ತದೆ, ಆಮೇಲೆ ಹೊಸ ಮೇಣ ಹಚ್ಚಿ. ನಡುವಿನ ಸರ್ವಿಂಗ್‌ಗೆ ಮಾತ್ರ ಮೇಣ ಬೇಡ, ಅದು ಕೊಂಡಿಯೊಳಗೆ ಸೇರಿ ಕೆಸರಾಗುತ್ತದೆ. ಸರ್ವಿಂಗ್ ಸವೆಯುವುದು ರೈಲಿನ (ಬಾಣ ಜಾರಿ ಹೋಗುವ ಉದ್ದನೆಯ ಹಳಿ) ಮೇಲೆ ಉಜ್ಜುವುದರಿಂದ. ಬಟ್ಟೆಯಿಂದ ರೈಲನ್ನು ಒರೆಸಿ, ರೈಲಿಗೆಂದೇ ಬರುವ ಜಾರುದ್ರವವಾದ ರೈಲ್ ಲ್ಯೂಬ್‌ನ ಒಂದೆರಡು ಹನಿಯನ್ನು ಬೆರಳಿನಿಂದ ತೆಳ್ಳಗೆ ಹರಡಿದರೆ ಸಾಕು.

ಇದೇ ಚರ್ಚೆಯಲ್ಲಿ ಇನ್ನೊಬ್ಬ ಸದಸ್ಯರು ತಮ್ಮದು ಕಾಂಪೌಂಡ್ ಕ್ರಾಸ್‌ಬೋ (ತೋಳಿನ ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವುದು), ಇದೇ ಕ್ರಮ ನಡೆಯುತ್ತದೆಯೇ ಎಂದು ಕೇಳಿದ್ದಾರೆ. ಮೇಣ ಮತ್ತು ಲ್ಯೂಬ್‌ಗೆ ನಡೆಯುತ್ತದೆ, ಹುರಿಗೆ ನಡೆಯುವುದಿಲ್ಲ. ಅದರಲ್ಲಿ ಹೆದೆಯ ಜೊತೆ ಕೇಬಲ್‌ಗಳೂ ಹಿಗ್ಗಿ ಎರಡು ಕ್ಯಾಮ್‌ಗಳ ಹೊಂದಾಣಿಕೆ ತಪ್ಪುತ್ತದೆ, ತೋಳುಗಳನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಎಂಬ ಸಾಧನವಿಲ್ಲದೆ ಬಿಚ್ಚಿದರೆ ಕೈ ಬೆರಳಿಗೇ ಅಪಾಯ.

ಯಾವ ಹೆದೆಯನ್ನು ತೆಗೆದುಹಾಕಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ: ಒಂದೇ ಒಂದು ಎಳೆ ಹರಿದಿದ್ದರೂ, ಸರ್ವಿಂಗ್ ಬಿಟ್ಟುಕೊಂಡು ಒಳಗಿನ ನೂಲು ಕಂಡರೂ, ಮೇಣ ಹಚ್ಚಿದ ಮೇಲೂ ಜುಂಗು ಕೂರದಿದ್ದರೂ, ಹುರಿ ಹಾಕಿದ ಕೆಲವೇ ದಿನಗಳಲ್ಲಿ ಬ್ರೇಸ್ ಹೈಟ್ ಮತ್ತೆ ಇಳಿದರೂ ಅದನ್ನು ಬಳಸಬಾರದು. ಹೆದೆ ಹರಿದರೆ ಬಾಣವಿಲ್ಲದೆ ಕೊಂಡಿ ಬಿಟ್ಟಷ್ಟೇ ಪೆಟ್ಟು ತೋಳುಗಳಿಗೆ ಬೀಳುತ್ತದೆ, ತೋಳಿನ ಬೆಲೆಯ ಮುಂದೆ ಹೆದೆಯ ಬೆಲೆ ಏನೂ ಅಲ್ಲ. ಹೊಸದನ್ನು ತರಿಸುವಾಗ ಎರಡನ್ನು ತರಿಸಿ, ಎರಡನ್ನೂ ಬಾಣ ಬಿಟ್ಟು ಪಳಗಿಸಿ, ಒಂದನ್ನು ಅದರ ಅಳತೆಯ ಚೀಟಿಯೊಡನೆ ಎತ್ತಿಡಿ.

ನಿಮ್ಮ ಹೆದೆ ಯಾವ ನೂಲಿನದು, ಇಂದಿನ ಬ್ರೇಸ್ ಹೈಟ್ ಎಷ್ಟು, ಕೈಪಿಡಿ ಹೇಳುವುದೆಷ್ಟು, ಕ್ರಾಸ್‌ಬೋವನ್ನು ಈ ಎರಡು ತಿಂಗಳು ಎಲ್ಲಿ ಇಟ್ಟಿದ್ದಿರಿ ಎಂಬುದನ್ನು ಬರೆಯಿರಿ. ಸರ್ವಿಂಗ್ ಮತ್ತು ಎರಡು ಕುಣಿಕೆಗಳ ಹತ್ತಿರದ ಫೋಟೋ ಹಾಕಿದರೆ ಅದೇ ಹೆದೆಗೆ ಹುರಿ ಹಾಕಬಹುದೇ ಇಲ್ಲವೇ ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಹೆದೆಯನ್ನು ಇಳಿಸಿಡಿ.